ಹೆಣ್ಣು ಕೊಟ್ಟು ಬೆಳೆಸಿದ ಸಿಂಹಾಸನ

ವಿಜಯದಶಮಿಯಂದು ವಿಜಯವಾಡದ ಇಂದ್ರಕೀಲಾದ್ರಿಯಲ್ಲಿ ಕನಕದುರ್ಗೆಗೆ ರಾಜರಾಜೇಶ್ವರಿಯ ಅಲಂಕಾರ. ಅರಸರಿಗೆಲ್ಲ ಒಡತಿಯಾದವಳ ಆ ರೂಪವನ್ನು ನೋಡಲು ಜನ ಬೆಟ್ಟ ಹತ್ತಿ ಸಾಲುಗಟ್ಟುತ್ತಾರೆ. ಅದೇ ಬೆಟ್ಟದ ಕೆಳಗಿನ ಊರಿಗೆ ನಿಜವಾಗಿಯೂ ರಾಣಿಯಾಗಿ ಬಂದವಳೊಬ್ಬಳಿದ್ದಳು. ಅವಳ ಹೆಸರು ಅಯ್ಯಣ ಮಹಾದೇವಿ. ಈಗ ಅದನ್ನು ಬಲ್ಲವರು ಕಡಿಮೆ.

ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ಏಳನೆಯ ಶತಮಾನದಲ್ಲಿ ವೆಂಗಿಯ ಅರಸನಾದ. ಅಯ್ಯಣ ಮಹಾದೇವಿ ಅವನ ರಾಣಿ. ಬೆಜವಾಡದ ನಡುಂಬಿ ಬಸದಿಗೆ ಅವಳು ಮುಸಿನಿಕೊಂಡ ಎಂಬ ಹಳ್ಳಿಯನ್ನು ದಾನ ಕೊಟ್ಟಳು. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಮೂರನೆಯ ವಿಷ್ಣುವರ್ಧನ ಆ ದಾನವನ್ನು ನವೀಕರಿಸಿದ. ಕೊಟ್ಟವಳ ಮಾತು ಅಷ್ಟು ದಿನ ನಡೆಯಿತೆಂದರೆ ಅವಳು ಬರೀ ಅರಮನೆಯ ಅಲಂಕಾರವಾಗಿರಲಿಲ್ಲ. ರಾಷ್ಟ್ರಕೂಟ ಧ್ರುವನ ರಾಣಿ ಶೀಲಮಹಾದೇವಿ ವೆಂಗಿಯ ಮಗಳೆಂದು ಇತಿಹಾಸಕಾರರು ಹೇಳುತ್ತಾರೆ. ಸೋತ ಮನೆಯಿಂದ ಗೆದ್ದ ಮನೆಗೆ ಹೋದ ಆಕೆ 786ರಲ್ಲಿ ತನ್ನ ಹೆಸರಿನಲ್ಲೇ ತಾಮ್ರಶಾಸನ ಹೊರಡಿಸಿದಳು.

ಆದರೂ ಪಠ್ಯಪುಸ್ತಕಗಳಲ್ಲಿ ಇಂಥ ಮದುವೆಗಳಿಗೆ ಒಂದೇ ಸಾಲು: ‘ಸಂಧಿಯಾಗಿ ಮಗಳನ್ನು ಕೊಟ್ಟನು.’ ಈ ಸಾಲು ಎಷ್ಟು ಸಂಗತಿಗಳನ್ನು ಮುಚ್ಚಿಡುತ್ತದೆ ಎಂಬುದಕ್ಕೆ ಚೋಳರ ಕಥೆಯೇ ಸಾಕು. ರಾಜರಾಜ ಚೋಳನ ಮಗಳು ಕುಂದವೈ ವೆಂಗಿಯ ವಿಮಲಾದಿತ್ಯನ ಕೈಹಿಡಿದಳು. ಅವರ ಮಗ ರಾಜರಾಜ ನರೇಂದ್ರ ರಾಜೇಂದ್ರ ಚೋಳನ ಮಗಳು ಅಮ್ಮಂಗದೇವಿಯನ್ನು ಮದುವೆಯಾದ. ಅವರ ಮಗ ಇಮ್ಮಡಿ ರಾಜೇಂದ್ರ ಚೋಳನ ಮಗಳು ಮಧುರಾಂತಕಿಯನ್ನು ವರಿಸಿದ. ಇವನೇ 1070ರಲ್ಲಿ ಚೋಳ ಸಿಂಹಾಸನವೇರಿದ ಕುಲೋತ್ತುಂಗ. ಚಾಲುಕ್ಯನೊಬ್ಬ ಚೋಳರ ಪೀಠಕ್ಕೆ ಬಂದ ಎಂದು ಬರೆಯುತ್ತೇವೆ. ಅಪ್ಪನ ಕಡೆಯಿಂದ ಎಣಿಸಿದರೆ ಅದು ಸರಿ. ಆದರೆ ಆ ಪೀಠದ ಮೇಲೆ ಅವನಿಗೆ ಹಕ್ಕು ಬಂದದ್ದು ಅಮ್ಮ ಮತ್ತು ಅಜ್ಜಿಯ ಕಡೆಯಿಂದ.

ಮದುವೆಯಿಂದ ಶಾಂತಿ ಬಂತು ಎಂಬುದೂ ಅರ್ಧಸತ್ಯ. ವಿಮಲಾದಿತ್ಯನ ಇನ್ನೊಬ್ಬ ರಾಣಿಯ ಮಗ ವಿಜಯಾದಿತ್ಯನ ಬೆನ್ನಿಗೆ ಕಲ್ಯಾಣದ ಚಾಲುಕ್ಯರು ನಿಂತರು. ಅಣ್ಣತಮ್ಮಂದಿರ ಜಗಳ ಎರಡು ಸಾಮ್ರಾಜ್ಯಗಳ ಯುದ್ಧವಾಯಿತು. ಬೆಜವಾಡದ ಬಳಿಯ ಕೃಷ್ಣೆಯ ದಡವೂ ರಣರಂಗವಾಯಿತು. ವೀರರಾಜೇಂದ್ರ ಚೋಳ ತನ್ನ ಮಗಳನ್ನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನಿಗೆ ಕೊಟ್ಟ. ಮಾವ ತೀರಿಕೊಂಡ ಮೇಲೆ ವಿಕ್ರಮಾದಿತ್ಯ ಭಾವಮೈದ ಅಧಿರಾಜೇಂದ್ರನನ್ನು ಪಟ್ಟಕ್ಕೇರಿಸಿದ. ಅದು ಸ್ವಲ್ಪ ಕಾಲವೂ ನಿಲ್ಲಲಿಲ್ಲ.

ದೂರದ ಐರ್ಲೆಂಡಿನಲ್ಲೂ ಹೀಗೆಯೇ ಆಯಿತು. ಲೆನ್‌ಸ್ಟರಿನ ರಾಜಕುಮಾರಿ ಗೊರ್ಮ್‌ಲೆ ಮೊದಲು ಡಬ್ಲಿನ್ನಿನ ನಾರ್ಸ್ ಅರಸ ಓಲಾಫನ, ಆಮೇಲೆ ಬ್ರಿಯಾನ್ ಬೋರುವಿನ ಪತ್ನಿಯಾದಳು. 1014ರ ಕ್ಲಾಂಟಾರ್ಫ್ ಯುದ್ಧದಲ್ಲಿ ಅವಳ ಅಣ್ಣತಮ್ಮನೂ ಓಲಾಫನಿಂದ ಪಡೆದ ಮಗನೂ ಬ್ರಿಯಾನನ ಎದುರು ಪಾಳೆಯದವರು. ಆ ಮಗ ಬ್ರಿಯಾನನ ಅಳಿಯನೂ ಹೌದು. ನಂತರದ ಕಥೆಗಾರರು ಯುದ್ಧದ ಕಿಚ್ಚು ಹಚ್ಚಿದ ಪಾಪವನ್ನು ಅವಳ ತಲೆಗೆ ಕಟ್ಟಿದರು. ಶಾಂತಿ ಬಂದರೆ ಕೀರ್ತಿ ಹೆಣ್ಣು ಕೊಟ್ಟ ಅಪ್ಪನಿಗೆ. ಯುದ್ಧವಾದರೆ ದೂರು ಮಗಳಿಗೆ.

ಈ ರಾಣಿಯರೆಲ್ಲ ಸ್ವತಂತ್ರರಾಗಿದ್ದರು ಎನ್ನಲಾಗದು. ವರನನ್ನು ಆರಿಸುವಾಗ ಅವರ ಇಷ್ಟವನ್ನು ಕೇಳಿದ ಶಾಸನ ಕಾಣಸಿಗುವುದಿಲ್ಲ. ಆದರೆ ಆಯ್ಕೆಯ ಹಕ್ಕು ಇರಲಿಲ್ಲ ಎಂಬುದೂ, ಅವರ ಮೂಲಕವೇ ರಾಜ್ಯ ಹರಿದು ಬಂತು ಎಂಬುದೂ ಒಟ್ಟಿಗೇ ನಿಜ. ಮಕ್ಕಳಿಗೆ ಇತಿಹಾಸ ಕಲಿಸುವವರು ವಂಶವೃಕ್ಷದಲ್ಲಿ ಅಪ್ಪನಿಂದ ಮಗನಿಗೆ ಗೆರೆ ಎಳೆದು ಕೈ ತೊಳೆದುಕೊಳ್ಳಬಾರದು. ಕುಂದವೈ, ಅಮ್ಮಂಗದೇವಿ, ಮಧುರಾಂತಕಿಯರ ಹೆಸರನ್ನು ಅಲ್ಲಿ ಬರೆಯದಿದ್ದರೆ ಕುಲೋತ್ತುಂಗ ಆ ಪೀಠಕ್ಕೆ ಹೇಗೆ ಬಂದ ಎಂಬ ಪ್ರಶ್ನೆಗೆ ಉತ್ತರವೇ ಸಿಗದು.