ಎಂಜಿನ್ನಿನ ಜಾತಕ

ಮಕ್ಕಳೇ, ನಿಮ್ಮ ಮನೆಯ ಸ್ಕೂಟರಿಗೋ ಕಾರಿಗೋ ಎರಡು ನಂಬರುಗಳಿವೆ ಎಂದು ನಿಮಗೆ ಗೊತ್ತೇ? ಹಿಂದೆ ಮುಂದೆ ಬರೆದಿರುತ್ತದಲ್ಲ, ಆ ನಂಬರ್ ಪ್ಲೇಟಿನ ಮಾತಲ್ಲ. ಒಂದು ಚಾಸಿಸ್ ನಂಬರು, ಇನ್ನೊಂದು ಎಂಜಿನ್ ನಂಬರು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ವಾಹನ ಸಾಲದ ಕಾಗದಗಳಲ್ಲಿ ಈ ಎರಡು ನಂಬರುಗಳನ್ನು ನಾನು ಸಾವಿರಾರು ಸಲ ಬರೆದಿದ್ದೇನೆ. ಆದರೆ ಅವುಗಳನ್ನು ಓದುವುದು ಕಲಿತದ್ದು ಮಾತ್ರ ನಿವೃತ್ತನಾಗಿ ಬಹಳ ವರ್ಷವಾದ ಮೇಲೆ, ಅದೂ ಅಮೆರಿಕದಲ್ಲಿ.

ಮಗಳ ಮನೆ ಮಿಷಿಗನ್ ರಾಜ್ಯದಲ್ಲಿದೆ. ಹೋದ ಬೇಸಿಗೆಯಲ್ಲಿ ನಾಲ್ಕು ತಿಂಗಳು ಅಲ್ಲಿದ್ದೆ. ಪಕ್ಕದ ಮನೆಯಲ್ಲಿ ನನ್ನ ವಯಸ್ಸಿನವರೇ ಒಬ್ಬರು, ನಿವೃತ್ತ ಮೇಷ್ಟ್ರು. ಅವರ ಗ್ಯಾರೇಜಿನಲ್ಲಿ 1969ರ ಷೆವ್ರೊಲೆ ಕಮಾರೊ ಕಾರು ಇತ್ತು. ಇಪ್ಪತ್ತು ವರ್ಷದ ಹಿಂದೆ ಯಾರಿಂದಲೋ ಕೊಂಡದ್ದು. ಮೊಮ್ಮಗನ ಕಾಲೇಜು ಖರ್ಚಿಗೆ ಅದನ್ನು ಮಾರಬೇಕೆಂದಿದ್ದರು. ಕೊಳ್ಳಲು ಬಂದವನು ಕೇಳಿದ್ದು ಒಂದೇ ಪ್ರಶ್ನೆ: "ಎಂಜಿನ್ ಕಾರಿನ ಜೊತೆ ಹುಟ್ಟಿದ್ದೇ? ನಂಬರುಗಳು ತಾಳೆಯಾಗುತ್ತವೆಯೇ?" ತಾಳೆಯಾದರೆ ಒಂದು ಬೆಲೆ, ಆಗದಿದ್ದರೆ ಇನ್ನೊಂದು. ಎರಡಕ್ಕೂ ಅಜಗಜಾಂತರ.

"ತಾತ ಬ್ಯಾಂಕಿನಲ್ಲಿ ಇದನ್ನೇ ಮಾಡ್ತಿದ್ದರು" ಎಂದು ಹನ್ನೊಂದು ವರ್ಷದ ಮೊಮ್ಮಗಳು ಆ ಮೇಷ್ಟ್ರಿಗೆ ಹೇಳಿಬಿಟ್ಟಳು. ಸರಿ, ಇಬ್ಬರೂ ಹೋದೆವು. ಪೆನ್ಸಿಲು, ತೆಳುವಾದ ಬಿಳಿ ಕಾಗದ, ಟಾರ್ಚು, ಒಂದು ಪುಟ್ಟ ಕನ್ನಡಿ. ನಮ್ಮ ಸಲಕರಣೆ ಅಷ್ಟೇ.

ಹಳೆಯ ಎಂಜಿನ್ನಿನ ಮೇಲೆ ಎರಡು ಬಗೆಯ ಬರಹ ಇರುತ್ತದೆ. ಒಂದು ಉಬ್ಬಿದ್ದು, ಇನ್ನೊಂದು ತಗ್ಗಿದ್ದು. ಮರಳಿನ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ದು ಎಂಜಿನ್ನಿನ ದೊಡ್ಡ ಮೈಯನ್ನು, ಅಂದರೆ ಬ್ಲಾಕನ್ನು, ಎರಕ ಮಾಡುತ್ತಾರೆ. ಅಚ್ಚಿನಲ್ಲೇ ಅಂಕಿಗಳಿದ್ದರೆ ಕಬ್ಬಿಣದ ಮೇಲೆ ಅವು ಉಬ್ಬಿ ಮೂಡುತ್ತವೆ. ಇದು ಎರಕದ ನಂಬರು. ಆಮೇಲೆ ಬ್ಲಾಕಿಗೆ ಪಿಸ್ಟನ್, ಕ್ರ್ಯಾಂಕ್ ಎಲ್ಲ ಜೋಡಿಸಿ ಎಂಜಿನ್ ಮಾಡಿದಾಗ ಉಕ್ಕಿನ ಪಂಚಿನಿಂದ ಗುದ್ದಿ ಇನ್ನೊಂದು ಗುರುತು ಹಾಕುತ್ತಾರೆ. ಇದು ತಗ್ಗಿನ ಬರಹ. ಎರಕದ್ದು ಹುಟ್ಟಿದ ಮಚ್ಚೆ ಇದ್ದಂತೆ, ಗುದ್ದಿದ್ದು ಆಮೇಲೆ ಹಾಕಿಸಿಕೊಂಡ ಹಚ್ಚೆ ಇದ್ದಂತೆ. ಈ ವ್ಯತ್ಯಾಸ ನೆನಪಿಡಿ, ಕಥೆ ನಿಂತಿರುವುದೇ ಇದರ ಮೇಲೆ.

ಮೊದಲು ಗುದ್ದಿದ ಬರಹ ನೋಡಿದೆವು. ಷೆವ್ರೊಲೆಯ ಈ ಜಾತಿಯ ವಿ-8 ಎಂಜಿನ್ನಿನಲ್ಲಿ ಅದು ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಮುಂದಿರುವ ಸಣ್ಣ ಸಮತಟ್ಟಾದ ಜಾಗದಲ್ಲಿರುತ್ತದೆ. ಗ್ರೀಸು ಒರೆಸಿ, ಕಾಗದ ಇಟ್ಟು, ಮೊಮ್ಮಗಳು ಪೆನ್ಸಿಲನ್ನು ಅಡ್ಡಡ್ಡ ಉಜ್ಜಿದಳು. ನಮ್ಮಲ್ಲಿ ಆರ್.ಟಿ.ಒ. ಕೆಲಸಕ್ಕೆ ಚಾಸಿಸ್ ಪ್ರಿಂಟ್ ತೆಗೆಯುತ್ತಾರಲ್ಲ, ಅದೇ ಉಪಾಯ. ನಿಧಾನವಾಗಿ ಅಕ್ಷರಗಳು ಎದ್ದವು: ವಿ 0612 ಡಿಝಡ್.

ವಿ ಎಂದರೆ ಮಿಷಿಗನ್ನಿನದೇ ಫ್ಲಿಂಟ್ ಊರಿನ ಎಂಜಿನ್ ಕಾರ್ಖಾನೆ. ನ್ಯೂಯಾರ್ಕ್ ರಾಜ್ಯದ ಟೋನವಾಂಡದಲ್ಲಿ ಮಾಡಿದ್ದರೆ ಟಿ ಇರುತ್ತಿತ್ತು. 0612 ಎಂದರೆ ಆರನೇ ತಿಂಗಳ ಹನ್ನೆರಡು, ಜೂನ್ 12ರಂದು ಜೋಡಣೆ. ಕೊನೆಯ ಎರಡು ಅಕ್ಷರ ಎಂಜಿನ್ ಯಾವ ತರಹದ್ದೆಂದು ಹೇಳುತ್ತವೆ. ಡಿಝಡ್ ಎಂದರೆ 1969ರ ಝಡ್-28 ಮಾದರಿಯ 302 ಘನ ಇಂಚಿನ ಎಂಜಿನ್. ಟ್ರಾನ್ಸ್-ಆಮ್ ರೇಸಿನಲ್ಲಿ ಐದು ಲೀಟರ್ ಮೀರಬಾರದೆಂಬ ನಿಯಮ ಇದ್ದುದರಿಂದ ಹುಟ್ಟಿದ ಎಂಜಿನ್ ಅದು. ಪಕ್ಕದಲ್ಲೇ ಕಾರಿನ ಸರಣಿ ಸಂಖ್ಯೆಯ ತುಣುಕೂ ಇತ್ತು. ಮುಂಗಾಜಿನ ಒಳಗೆ ಡ್ಯಾಶ್ ಬೋರ್ಡಿನ ಮೇಲಿರುವ ನಂಬರಿನ ಕೊನೆಯ ಆರು ಅಂಕಿಗಳಿಗೆ ಅದು ಸರಿಹೊಂದಿತು. ಡ್ಯಾಶ್ ಬೋರ್ಡಿನ ನಂಬರು ಇದು ವಿ-8 ಕಮಾರೊ, 1969, ಒಹಾಯೊದ ನಾರ್‌ವುಡ್ ಕಾರ್ಖಾನೆಯದು ಎನ್ನುತ್ತದೆಯೇ ಹೊರತು ಝಡ್-28 ಹೌದೋ ಅಲ್ಲವೋ ಹೇಳುವುದಿಲ್ಲ. ಹಾಗಾಗಿ ಡಿಝಡ್ ಎಂಬ ಎರಡಕ್ಷರಕ್ಕೆ ಅಷ್ಟು ಬೆಲೆ. ಮೇಷ್ಟ್ರ ಮುಖ ಅರಳಿತು.

"ಆಯ್ತಲ್ಲ ತಾತ, ಹೋಗೋಣವಾ?" ಎಂದಳು ಮೊಮ್ಮಗಳು. ನನಗೆ ಏಳಲು ಮನಸ್ಸಾಗಲಿಲ್ಲ. ಅದಕ್ಕೊಂದು ಕಾರಣವಿದೆ.

1980ರ ದಶಕದಲ್ಲಿ ನಮ್ಮ ಶಾಖೆಯಲ್ಲಿ ಒಬ್ಬ ಯುವಕ ಹಳೆಯ ಅಂಬಾಸಿಡರ್ ಟ್ಯಾಕ್ಸಿ ಕೊಳ್ಳಲು ಸಾಲ ಕೇಳಿದ್ದ. ಗಾಡಿ ಬ್ಯಾಂಕಿನ ಮುಂದೆಯೇ ನಿಂತಿತ್ತು. ಬಾನೆಟ್ ಎತ್ತಿ ಎಂಜಿನ್ ನಂಬರು ನೋಡಿ ಬರೆದುಕೊಳ್ಳುವ ಕೆಲಸ ನನ್ನದು. ಮಳೆ ಬರುತ್ತಿತ್ತು. ನಾನು ಕುರ್ಚಿಯಿಂದ ಏಳದೆ ಆರ್.ಸಿ. ಪುಸ್ತಕ ನೋಡಿ ಬರೆದು ಸಹಿ ಹಾಕಿದೆ. ಮುಂದಿನ ವರ್ಷ ತಪಾಸಣೆಯಲ್ಲಿ ಎಂಜಿನ್ ಬೇರೆಯದೆಂದು ತಿಳಿಯಿತು. ಹಿಂದಿನ ಮಾಲೀಕ ಎಂಜಿನ್ ಬದಲಿಸಿ ಯಾರಿಗೂ ಹೇಳಿರಲಿಲ್ಲ. ಕಾಗದ ಸರಿಯಾಗುವವರೆಗೆ ಮೂರು ತಿಂಗಳು ಟ್ಯಾಕ್ಸಿ ನಿಂತಿತು. ಕಂತು ಮಾತ್ರ ನಿಲ್ಲಲಿಲ್ಲ. ಆ ಹುಡುಗ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನೀವು ನೋಡಿದ್ದೀರಿ ಅಂತ ನಾನು ನೋಡಲಿಲ್ಲ ಸಾರ್" ಎಂದ, ಅಷ್ಟೇ. ಬೈದಿದ್ದರೆ ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆನೇನೋ.

ಆದ್ದರಿಂದ ಮೇಷ್ಟ್ರಿಗೆ ಹೇಳಿದೆ: "ಗುದ್ದಿದ್ದು ನೋಡಿಯಾಯಿತು, ಎರಕದ್ದನ್ನೂ ನೋಡಿಬಿಡೋಣ."

ಎರಕದ ನಂಬರು ಇರುವುದು ಬ್ಲಾಕಿನ ಹಿಂಭಾಗದಲ್ಲಿ, ಗೇರ್ ಬಾಕ್ಸ್ ಸೇರುವ ಅಂಚಿನ ಮೇಲೆ. ಕೈ ಹೋಗದ ಜಾಗ. ಮೊಮ್ಮಗಳು ಕನ್ನಡಿ ಹಿಡಿದಳು, ನಾನು ಟಾರ್ಚ್ ಬಿಟ್ಟೆ. ಎಡಗಡೆ, ಅಂದರೆ ಅಲ್ಲಿನ ಡ್ರೈವರ್ ಕೂರುವ ಕಡೆ, 3970010 ಎಂದಿತ್ತು. 1969ರಿಂದ ಸುಮಾರು ಹತ್ತು ವರ್ಷ ಈ ಎರಕವನ್ನು ಲೆಕ್ಕವಿಲ್ಲದಷ್ಟು ಗಾಡಿಗಳಿಗೆ ಬಳಸಿದ್ದಾರೆ. ಹೆಚ್ಚಿನವು 350 ಘನ ಇಂಚಿನವು, 1969ರ ಕೆಲವು 302ಗಳೂ ಇದರಲ್ಲೇ ಆದವು.

ಒಂದೇ ಬ್ಲಾಕಿನಲ್ಲಿ ಎರಡು ಅಳತೆ ಹೇಗೆ? ಲೆಕ್ಕ ಮಾಡಿ ನೋಡಿ. ಎರಡಕ್ಕೂ ಸಿಲಿಂಡರಿನ ವ್ಯಾಸ 4 ಇಂಚು, ಅಂದರೆ ತ್ರಿಜ್ಯ 2. ವೃತ್ತದ ವಿಸ್ತೀರ್ಣ 12.57 ಚದರ ಇಂಚು. ಪಿಸ್ಟನ್ 3 ಇಂಚು ಓಡಾಡಿದರೆ, ಎಂಟು ಸಿಲಿಂಡರಿಗೆ 12.57 × 3 × 8, ಸುಮಾರು 302. ಓಡಾಟ 3.48 ಇಂಚಾದರೆ ಸುಮಾರು 350. ಬದಲಾಗುವುದು ಒಳಗಿನ ಕ್ರ್ಯಾಂಕು, ಹೊರಗಿನ ಮೈಯಲ್ಲ. ಹಾಗಾಗಿ ಎರಕದ ನಂಬರೊಂದರಿಂದಲೇ ಎಂಜಿನ್ ಯಾವುದೆಂದು ತೀರ್ಮಾನಿಸಲಾಗದು. ಇಲ್ಲಿಯವರೆಗೆ ತಕರಾರೇನೂ ಇರಲಿಲ್ಲ.

ಆಮೇಲೆ ಬಲಗಡೆಯ ಅಂಚು. ಅಲ್ಲಿ ಎರಕ ಹೊಯ್ದ ದಿನಾಂಕ ಇತ್ತು: ಎಚ್ 6 2. ಮೊದಲ ಅಕ್ಷರ ತಿಂಗಳು. ಎ ಜನವರಿ, ಬಿ ಫೆಬ್ರವರಿ, ಹೀಗೇ ಎಣಿಸಿದರೆ ಎಲ್ ಡಿಸೆಂಬರ್. ಮೊಮ್ಮಗಳು ಬೆರಳು ಮಡಿಚಿ ಎಣಿಸಿದಳು, ಎಚ್ ಎಂಟನೆಯದು, ಆಗಸ್ಟ್. ತಾರೀಖು 6. ಕೊನೆಯ 2 ವರ್ಷದ ಕೊನೆಯ ಅಂಕಿ. ಕೊನೆಯ ಅಂಕಿ ಒಂದೇ ಇದ್ದರೆ ಯಾವ ದಶಕವೆಂದು ಹೇಗೆ ತಿಳಿಯುವುದು? 3970010 ಬಳಕೆಯಲ್ಲಿದ್ದ ಕಾಲದಲ್ಲಿ 2ರಿಂದ ಮುಗಿಯುವ ವರ್ಷ ಒಂದೇ, 1972.

ಅವಳೇ ಮೊದಲು ಕಂಡುಹಿಡಿದಳು. "ತಾತ, ಎಂಜಿನ್ ಜೋಡಿಸಿದ್ದು 1969, ಕಬ್ಬಿಣ ಹೊಯ್ದದ್ದು 1972. ಹೇಗೆ?"

ಸಾಲದ ಪತ್ರಗಳಲ್ಲಿ ಇಂಥದ್ದನ್ನು ನಾನು ಕಂಡಿದ್ದೆ. ಕರಾರು ಪತ್ರಕ್ಕೆ ಜನವರಿ ತಾರೀಖು, ಅದನ್ನು ಬರೆದ ಛಾಪಾ ಕಾಗದ ಕೊಂಡದ್ದು ಮಾರ್ಚಿಯಲ್ಲಿ. ಮಗ ಅಪ್ಪನಿಗಿಂತ ಮೊದಲು ಹುಟ್ಟುವುದಿಲ್ಲ. ಮತ್ತೆ ಮುಂದೆ ಬಂದು ಗುದ್ದಿದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದೆವು. ಕಾರ್ಖಾನೆಯ ಯಂತ್ರ ಆ ಮೇಲ್ಮೈಯನ್ನು ಹೆರೆದಾಗ ಹಿಂದೆ ಮುಂದೆ ಸಾಗುವ ನವಿರಾದ ಸಮಾನಾಂತರ ಗೆರೆಗಳು ಉಳಿಯುತ್ತವೆ. ಇಲ್ಲಿ ಒಂದೂ ಇಲ್ಲ. ಯಾರೋ ಹಳೆಯ ಗುರುತನ್ನು ಉಜ್ಜಿ ಅಳಿಸಿ ಹೊಸದಾಗಿ ಗುದ್ದಿದ್ದರು. ಮುಂದಿನದನ್ನು ತಿದ್ದಿದವನು ಹಿಂದಿನದನ್ನು ಮರೆತಿದ್ದ. ಕಾರಿನ ಮೈ ಅಸಲಿಯೇ ಇರಬಹುದು, ಈ ಎಂಜಿನ್ ಮಾತ್ರ ಅದರ ಜೊತೆ ಹುಟ್ಟಿದ್ದಲ್ಲ.

ಮೇಷ್ಟ್ರು ಒಂದು ಸ್ಟೂಲಿನ ಮೇಲೆ ಕೂತರು. ಇಪ್ಪತ್ತು ವರ್ಷ ನಂಬಿದ್ದರು. ನನಗೂ ಕಸಿವಿಸಿ, ಸುಮ್ಮನೆ ಮನೆಗೆ ಹೋಗಿದ್ದರೆ ಆಗುತ್ತಿತ್ತಲ್ಲ ಎಂದು. ಕೊಳ್ಳುವವನು ಮುಂದಿನ ಗುರುತನ್ನಷ್ಟೇ ನೋಡಿ ಹಣ ಕೊಟ್ಟುಬಿಡಬಹುದಿತ್ತು. ಅದು ಮೂವರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ.

ಶನಿವಾರ ಆ ಮನುಷ್ಯ ಬಂದ. ಮೇಷ್ಟ್ರು ಅವನ ಕೈಗೆ ಟಾರ್ಚು, ಕನ್ನಡಿ ಕೊಟ್ಟು, "ಮೊದಲು ಹಿಂದುಗಡೆ ನೋಡಿ" ಎಂದರು. ಅವನು ನೋಡಿದ, ತಲೆಯಾಡಿಸಿದ, ಕೊಳ್ಳದೆ ಹೋದ. ಎರಡು ವಾರದ ಮೇಲೆ ಒಬ್ಬ ಯುವ ಮೆಕ್ಯಾನಿಕ್ ಕಡಿಮೆ ಬೆಲೆಗೆ ಕೊಂಡ. ಮಾರಾಟದ ಕಾಗದದಲ್ಲಿ ಮೇಷ್ಟ್ರು ತಮ್ಮ ಕೈಯಾರೆ ಬರೆದರು: ಎಂಜಿನ್ ಮೂಲದ್ದಲ್ಲ. ಮೊಮ್ಮಗಳು ತೆಗೆದ ಪೆನ್ಸಿಲ್ ಪ್ರಿಂಟನ್ನೂ ಅದಕ್ಕೆ ಪಿನ್ ಮಾಡಿ ಕೊಟ್ಟರು.

ಈ ಭಾನುವಾರ ನೀವೂ ಒಂದು ಕೆಲಸ ಮಾಡಿ. ದೊಡ್ಡವರನ್ನು ಜೊತೆಗಿಟ್ಟುಕೊಂಡು, ಎಂಜಿನ್ ಪೂರ್ತಿ ತಣ್ಣಗಿರುವಾಗ, ನಿಮ್ಮ ಮನೆಯ ಗಾಡಿಯ ನಂಬರುಗಳನ್ನು ಹುಡುಕಿ ಪೆನ್ಸಿಲ್ ಪ್ರಿಂಟ್ ತೆಗೆಯಿರಿ. ಕೊಳೆಯನ್ನು ಬಟ್ಟೆಯಿಂದ ಒರೆಸಿ. ಉಪ್ಪುಕಾಗದ, ತಂತಿಯ ಬ್ರಷ್ಷು ಮುಟ್ಟಿಸಬೇಡಿ, ಗುರುತೇ ಅಳಿದೀತು. ಆಮೇಲೆ ಆರ್.ಸಿ.ಯ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ಮಳೆ ಬರುತ್ತಿದ್ದರೆ ನಿಲ್ಲುವವರೆಗೆ ಕಾಯಿರಿ. ಆದರೆ ನೋಡದೆ ಮಾತ್ರ ಬರೆಯಬೇಡಿ.