ಸಂಬಳದ ಲೆಕ್ಕ ಕೇಳಿದಾಗ ಉತ್ತರಿಸುವವರು ಬೇಕು

2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ದೊಂಬಿಗೆ ಗಾಜು ಪುಡಿಯಾಯಿತು, ವಾಹನಗಳು ಉರುಳಿದವು. ಆ ದೃಶ್ಯವನ್ನು ಎಲ್ಲರೂ ನೋಡಿದರು. ಗಮನಿಸಬೇಕಾದದ್ದು ಆಮೇಲೆ ಕಾರ್ಖಾನೆಗಳ ಇಲಾಖೆ ಕೊಟ್ಟ ವರದಿಯನ್ನು. ಅಲ್ಪಾವಧಿಯಲ್ಲೇ ಕಾರ್ಮಿಕರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರ ಅಹವಾಲು ಕೇಳಬೇಕಾದ ಮಾನವ ಸಂಪನ್ಮೂಲ ವಿಭಾಗ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಎಂಟು ಗಂಟೆಯ ಪಾಳಿ ಹನ್ನೆರಡಕ್ಕೆ ಹಿಗ್ಗಿತು. ಹಾಜರಾತಿ ದಾಖಲಿಸುವ ವ್ಯವಸ್ಥೆ ಕೆಟ್ಟರೂ ಬೇಗ ದುರಸ್ತಿಯಾಗಲಿಲ್ಲ. ದುಡಿದ ದಿನ ದಾಖಲಾಗದಿದ್ದರೆ ಸಂಬಳಕ್ಕೆ ಕತ್ತರಿ. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು, ಯಾರನ್ನು ಕೇಳಬೇಕು?

ದೊಂಬಿಗೆ ಇದು ಸಮರ್ಥನೆಯಲ್ಲ. ತಪ್ಪು ಮಾಡಿದವರು ಕಾನೂನಿಗೆ ಉತ್ತರಿಸಲೇಬೇಕು. ಉತ್ಪಾದನೆಯ ಒತ್ತಡದಲ್ಲಿ ಪ್ರತಿಯೊಬ್ಬರ ದೂರು ಆಲಿಸುತ್ತ ಕೂರಲಾಗದು ಎಂಬ ವಾದವನ್ನು ಮಾತ್ರ ಒಪ್ಪಲಾರೆ. ಕೆಲವರಿಗೆ ಸರಿಯಾಗಿ ವೇತನ ಪಾವತಿಯಾಗಿಲ್ಲವೆಂದು ಕಂಪನಿಯೇ ಒಪ್ಪಿ, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಲೋಪ ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದು ಆ್ಯಪಲ್ ಹೇಳಿತು. ಆಲಿಸದೆ ಉಳಿಸಿದ ಸಮಯಕ್ಕೆ ತೆತ್ತ ಬೆಲೆಯಿದು! ಜನರ ಕಾಳಜಿ ಇರುವ ನಾಯಕತ್ವವೆಂದರೆ ಹುಟ್ಟುಹಬ್ಬದ ಕೇಕು, ಪ್ರೇರಣಾ ಭಾಷಣಗಳಲ್ಲ. ಸಂಬಳ ಚೀಟಿಯಲ್ಲಿ ತಪ್ಪಿದ್ದರೆ ಅದೇ ವಾರ ತಿದ್ದುವ ಅಧಿಕಾರ ಮೇಲ್ವಿಚಾರಕರಿಗೆ ಇರಬೇಕು. ಪಾಳಿಯ ವಿಷಯದಲ್ಲೂ ಇದೇ ಕಾಳಜಿ ಬೇಕು: ವಾರಕ್ಕೆ 48 ಗಂಟೆಯ ಮಿತಿಯೊಳಗೆ, ಕಾರ್ಮಿಕರ ಲಿಖಿತ ಒಪ್ಪಿಗೆಯಿದ್ದರೆ ದಿನಕ್ಕೆ 12 ಗಂಟೆ ದುಡಿಸಲು ಕಾರ್ಖಾನೆ ಕಾಯ್ದೆಯ 2023ರ ತಿದ್ದುಪಡಿ ರಾಜ್ಯದಲ್ಲಿ ಅವಕಾಶ ಕೊಟ್ಟಿತು. 'ಆಗುವುದಿಲ್ಲ' ಎಂದವರ ಕೆಲಸ ಉಳಿಯುತ್ತದೆಯೇ ಎಂಬುದನ್ನು ಕಾರ್ಮಿಕ ಇಲಾಖೆ ಈಗಲೇ ಪರಿಶೀಲಿಸಬೇಕು.