ಸಾಲುಮರಗಳ ಪಾಲನೆಯೂ ಪಕ್ಕದ ಹೊಲದ ರಯಿತನೂ

ಸರ್ವರಿಗೂ ಸೇರಿದ ವಸ್ತುವಿಗೆ ಒಡೆಯರು ಬಹುಮಂದಿ, ಕಾಯುವವರು ಮಾತ್ರ ಇಲ್ಲವೆಂಬುದು ಲೋಕಾನುಭವ. ಕೆರೆ, ಗೋಮಾಳ, ಗುಂಡುತೋಪುಗಳಿಗೆ ಒದಗಿರುವ ದುರವಸ್ಥೆಯೇ ಇದಕ್ಕೆ ಸಾಕ್ಷಿಯಾಗಿದೆ. ಈಗ ರಸ್ತೆಯ ಸಾಲುಮರಗಳೂ ಪೇಟೆಯ ಬೀದಿಮರಗಳೂ ಅದೇ ದಾರಿಯನ್ನು ಹಿಡಿದಿವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಪೂರ್ವಿಕರು ನೆಟ್ಟ ಆಲ, ಅರಳಿ, ಹುಣಿಸೆ, ಹೊಂಗೆ, ಬೇವುಗಳು ವೈರಮುಡಿ ಉತ್ಸವಕ್ಕೆ ಮೇಲುಕೋಟೆಗೆ ಹೋಗುವ ಯಾತ್ರಿಕನಿಗೂ ಹೇಮಗಿರಿಯ ಜಾತ್ರೆಗೆ ಹೊಡೆದುಕೊಂಡು ಹೋಗುವ ದನಗಳಿಗೂ ನೆರಳು ಕೊಟ್ಟು ಬಂದಿವೆ. ನೆಟ್ಟವರು ಫಲವನ್ನು ಬಯಸಲಿಲ್ಲ. ಫಲವನ್ನು ಉಂಡವರು ನೆಡುವುದನ್ನು ಮರೆತರು.

ಮರಗಳ ನಾಶಕ್ಕೆ ಶ್ರೀರಂಗಪಟ್ಟಣದಲ್ಲಿಯೇ ಒಂದು ಹಳೆಯ ನಿದರ್ಶನವುಂಟು. ದ್ವೀಪದ ಪೂರ್ವಭಾಗದಲ್ಲಿ, ಗುಂಬಜಿನ ಸುತ್ತ, ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಲಾಲ್‌ಬಾಗ್ ಎಂಬ ವಿಸ್ತಾರವಾದ ತೋಟವಿದ್ದಿತು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸನ ಸೈನ್ಯವು ಅಲ್ಲಿ ಬೀಡುಬಿಟ್ಟು, ಕೋಟೆಯ ಮುತ್ತಿಗೆಗೆ ಬೇಕಾದ ಕಟ್ಟಿಗೆಯ ಕಂತೆ ಬುಟ್ಟಿಗಳಿಗಾಗಿ ತೋಟದ ಮರಗಳನ್ನು ಕಡಿಸಿತು. ಅನೇಕ ವರ್ಷಗಳ ಆರೈಕೆಯಿಂದ ಬೆಳೆದುದು ಕೆಲವೇ ದಿನಗಳಲ್ಲಿ ನೆಲಸಮವಾಯಿತು. ಅಲ್ಲಿ ಕಡಿದವನು ಶತ್ರು, ಕಾಲವು ಯುದ್ಧಕಾಲ. ಈಗ ಮರವನ್ನು ಕೊಲ್ಲುವವನು ಊರಿನವನೇ, ಕಾಲವೂ ಶಾಂತಿಯದು.

ರಸ್ತೆಯನ್ನು ಅಗಲ ಮಾಡುವಾಗ ಕೆಲವು ಮರಗಳು ಹೋಗುವುದು ಅನಿವಾರ್ಯವಾಗಬಹುದು. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಗಾಗಿ ಹಳೆಯ ಮರಗಳು ಉರುಳಿದುದನ್ನು ಈ ಸೀಮೆಯವರು ಕಂಡಿರುವರಷ್ಟೆ. ಆದರೆ ಹೀಗೆ ಬಹಿರಂಗವಾಗಿ ಬೀಳುವ ಮರಗಳ ಲೆಕ್ಕವನ್ನಾದರೂ ಯಾರಾದರೂ ಇಡುತ್ತಾರೆ. ಸದ್ದಿಲ್ಲದೆ ಸಾಯುವ ಮರಗಳಿಗೆ ಲೆಕ್ಕವೇ ಇಲ್ಲ. ಪೇಟೆಗಳಲ್ಲಿ ಬುಡಕ್ಕೆ ತಾಗುವಂತೆ ಸಿಮೆಂಟು ಹಾಕುತ್ತಾರೆ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಚರಂಡಿಗಾಗಿ ಯಂತ್ರದಿಂದ ಅಗೆಯುವಾಗ ಒಂದು ಪಕ್ಕದ ಬೇರುಗಳೆಲ್ಲ ತುಂಡಾಗಿ, ಮುಂದಿನ ಮಳೆಗಾಳಿಗೆ ಮರ ಉರುಳುತ್ತದೆ. ವಿದ್ಯುತ್ ತಂತಿಗಾಗಿ ಒಂದೇ ಕಡೆಯ ಕೊಂಬೆಗಳನ್ನು ಸವರಿದರೆ ಭಾರವು ಇನ್ನೊಂದು ಕಡೆಗೆ ವಾಲುತ್ತದೆ. ಹಳ್ಳಿಯ ಕಡೆಯಲ್ಲಾದರೋ, ಕಬ್ಬಿನ ತರಗಿಗೆ ಹಚ್ಚಿದ ಬೆಂಕಿಯು ಬದುವನ್ನು ದಾಟಿ ಸಾಲುಮರದ ಬುಡವನ್ನು ಸುಡುತ್ತದೆ. ತೊಗಟೆಯು ಸುತ್ತಲೂ ಬೆಂದರೆ ಎಲೆಯಲ್ಲಿ ತಯಾರಾದ ಆಹಾರವು ಬೇರಿಗೆ ಇಳಿಯುವ ಮಾರ್ಗವೇ ಮುಚ್ಚಿಹೋಗುತ್ತದೆ. ಮರವು ಕೆಲಕಾಲ ಹಸಿರಾಗಿ ಕಂಡು ಬಳಿಕ ಒಣಗುತ್ತದೆ. ಒಣಗಿದ ಮರವನ್ನು ಕಡಿಯಲು ಯಾರ ಆಕ್ಷೇಪಣೆಯೂ ಇರುವುದಿಲ್ಲ.

ಈ ಬೆಂಕಿಯೆಲ್ಲವೂ ಅಕಸ್ಮಾತ್ತಾಗಿ ಬೀಳುವುದಲ್ಲವೆಂಬುದನ್ನು ಗ್ರಾಮದ ಯಜಮಾನರು ಬಲ್ಲರು. ರಸ್ತೆಯ ಪಕ್ಕದ ಹಿಡುವಳಿದಾರನಿಗೂ ಒಂದು ಅಹವಾಲುಂಟು. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ದೊಡ್ಡ ಆಲದ ಅಥವಾ ಹುಣಿಸೆಯ ನೆರಳಿನಲ್ಲಿ ಭತ್ತವಾಗಲಿ ಕಬ್ಬಾಗಲಿ ಚೆನ್ನಾಗಿ ಬರುವುದಿಲ್ಲ. ದಾರಿಹೋಕರೆಲ್ಲರೂ ತಂಪನ್ನು ಪಡೆಯುತ್ತಾರೆ, ನಷ್ಟವನ್ನು ಮಾತ್ರ ಆ ಒಬ್ಬ ರಯಿತನು ಹೊರುತ್ತಾನೆ. ಮರದಿಂದ ಹಾನಿಯನ್ನೇ ಕಂಡವನು ಅದನ್ನು ಕಾಯಬೇಕೆಂದು ಬರಿಯ ಉಪದೇಶ ಮಾಡಿದರೆ ಫಲವಿಲ್ಲ.

ಹಾನಿಯನ್ನು ಹೊರುವವನಿಗೆ ಲಾಭದಲ್ಲಿಯೂ ಪಾಲು ಇರಬೇಕು. ಈ ನ್ಯಾಯವು ಮಂಡ್ಯ ಜಿಲ್ಲೆಗೆ ಹೊಸದೇನೂ ಅಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಹುಣಿಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಅವುಗಳ ಹಿಕ್ಕೆಯಿಂದ ಹುಣಿಸೆಯ ಫಸಲು ಕೆಡುವುದುಂಟು. ಹಾಗೆ ನಷ್ಟಹೊಂದಿದ ಮರದ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರ ಕೊಡುವ ಏರ್ಪಾಡನ್ನು ಮಾಡಿತು. ಊರವರೂ ಹಕ್ಕಿಗಳನ್ನು ತಮ್ಮವೆಂದೇ ತಿಳಿದು, ಹಿಕ್ಕೆ ಬಿದ್ದ ಮಣ್ಣನ್ನು ಗೊಬ್ಬರವಾಗಿ ಹೊಲಕ್ಕೆ ಹಾಕಿದರು. 2007ರಲ್ಲಿ ಆ ಸ್ಥಳವು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಮರಗಳನ್ನು ಉಳಿಸಿದುದು ಕೇವಲ ದಂಡದ ಭಯವಲ್ಲ.

ಆದುದರಿಂದ ಸಾಲುಮರಗಳ ವಿಷಯದಲ್ಲಿಯೂ ಇದೇ ಕ್ರಮವು ಯೋಗ್ಯವಾಗಿದೆ. ಮೊದಲು ಪ್ರತಿ ಪುರಸಭೆಯೂ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಎಲ್ಲೆಯೊಳಗಿನ ಮರಗಳಿಗೆ ಅಂಕಿಯನ್ನು ಹಾಕಿಸಿ, ಜಾತಿ, ಸುತ್ತಳತೆ, ಸ್ಥಿತಿಗಳನ್ನು ಒಂದು ವಹಿಯಲ್ಲಿ ಬರೆಯಿಸಬೇಕು. ಮರಗಳ ಗಣತಿಯು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವೇ ವೃಕ್ಷ ಪ್ರಾಧಿಕಾರಕ್ಕೆ ವಿಧಿಸಿರುವ ಕರ್ತವ್ಯ. ಬಳಿಕ ಪ್ರತಿಯೊಂದು ಮರದ ಎದುರಿಗೂ ಪಕ್ಕದ ಹಿಡುವಳಿದಾರನ ಹೆಸರನ್ನು ಪಾಲಕನೆಂದು ಬರೆಯಬೇಕು. ಬಿದ್ದ ಎಲೆ, ಅಪ್ಪಣೆ ಪಡೆದು ಸವರಿದ ಸೊಪ್ಪು ಅವನಿಗೇ ಸಲ್ಲಲಿ. ಹುಣಿಸೆ, ಹೊಂಗೆ, ಮಾವುಗಳ ಫಸಲಿನಲ್ಲಿ ಗೊತ್ತಾದ ಪಾಲೂ ಸಲ್ಲಲಿ. ಉಳಿದ ಹಣವನ್ನು ಮರಗಳಿಗೇ ಖರ್ಚುಮಾಡತಕ್ಕದ್ದು. ಹೊಂಗೆಯ ಸೊಪ್ಪು ಗದ್ದೆಗೆ ಎಂಥ ಗೊಬ್ಬರವೆಂಬುದನ್ನು ಬೇಸಾಯಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಕಾನೂನಿನ ಬಲವೂ ಬೇಕು. ಮೇಲ್ಕಂಡ ಅಧಿನಿಯಮದ ಪ್ರಕಾರ ವೃಕ್ಷಾಧಿಕಾರಿಯ ಅಪ್ಪಣೆಯಿಲ್ಲದೆ ಮರವನ್ನು ಕಡಿಯಕೂಡದು. ತೆಂಗು, ಸರ್ವೆ, ನೀಲಗಿರಿ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟಾದರೂ, ಅದು ಸಾರ್ವಜನಿಕ ಮರಕ್ಕೆ ಯಾರನ್ನೂ ಒಡೆಯನನ್ನಾಗಿ ಮಾಡುವುದಿಲ್ಲ. 2025ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು, ಮಥುರಾ-ವೃಂದಾವನದ ಕಡೆಯಲ್ಲಿ ಅಪ್ಪಣೆಯಿಲ್ಲದೆ 454 ಮರಗಳನ್ನು ಕಡಿದ ಪ್ರಕರಣದಲ್ಲಿ ಮರವೊಂದಕ್ಕೆ 1 ಲಕ್ಷ ರೂಪಾಯಿನಂತೆ ದಂಡ ವಿಧಿಸಿತು. ಗುಂಡುತೋಪಿನ ಅಂಚನ್ನು ವರ್ಷಕ್ಕೊಂದು ಸಾಲು ಉತ್ತುಕೊಳ್ಳುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು ಲೇಸು.

ಹೊಸದಾಗಿ ನೆಡುವಾಗ ನೆಲವನ್ನು ನೋಡಿ ಜಾತಿಯನ್ನು ಆರಿಸಬೇಕು. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ, ಗದ್ದೆಯ ಪಕ್ಕಕ್ಕೆ ಆಲಕ್ಕಿಂತ ಹೊಂಗೆ ಮೇಲು. ನಾಗಮಂಗಲದ ಬೆದ್ದಲಿಗೂ ಕೃಷ್ಣರಾಜಪೇಟೆಯ ಮೇಟು ನೆಲಗಳಿಗೂ ಹುಣಿಸೆ, ಬೇವು ಒಗ್ಗುತ್ತವೆ. ಆಲ, ಅರಳಿಗಳನ್ನು ಕಟ್ಟೆ, ಸಂತೆಮಾಳ, ಕೆರೆಯ ಅಂಗಳದಂತಹ ವಿಶಾಲ ಸ್ಥಳಗಳಿಗೆ ಮೀಸಲಿಡಬೇಕು. ತಂತಿಯ ಕೆಳಗೆ ಎತ್ತರದ ಮರವನ್ನು ನೆಡಲೇಬಾರದು. ಪೇಟೆಯಲ್ಲಿ ಬುಡದ ಸುತ್ತ ಕನಿಷ್ಠ 3 ಅಡಿ ಮಣ್ಣನ್ನು ತೆರೆದಿಡಬೇಕು. ದಪ್ಪ ಕೊಂಬೆಯನ್ನು ತೆಗೆಯುವಾಗ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ತುಸು ಮುಂದೆ ಮೇಲಿನಿಂದ ಕತ್ತರಿಸಿ, ಕೊನೆಗೆ ಮೋಟನ್ನು ಕಾಂಡದ ಉಬ್ಬಿನ ಬಳಿ ಸಮನಾಗಿ ತೆಗೆದರೆ ತೊಗಟೆ ಸೀಳದೆ ಗಾಯ ಬೇಗ ಮಾಯುತ್ತದೆ.

ನೆಡುವುದು ಒಂದು ದಿನದ ಕೆಲಸ. ಕಾಯುವುದು ಮೂರು ಬೇಸಗೆಗಳ ಕೆಲಸ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಆಲದ ಸಾಲನ್ನು ಬೆಳೆಸಿ, 2025ರಲ್ಲಿ ತೀರಿಕೊಂಡ ತಿಮ್ಮಕ್ಕನವರೂ ಅವರ ಪತಿ ಚಿಕ್ಕಯ್ಯನವರೂ ಗಿಡ ನೆಟ್ಟು ಮನೆಗೆ ಹೋಗಿ ಕುಳಿತವರಲ್ಲ. ಕೊಡಗಳಲ್ಲಿ ನೀರು ಹೊತ್ತರು, ಮುಳ್ಳಿನ ಬೇಲಿ ಕಟ್ಟಿದರು. ಅವರಿಗೆ ಜಮೀನಿನ ಬಲವಾಗಲಿ ಅಧಿಕಾರದ ಬಲವಾಗಲಿ ಇರಲಿಲ್ಲ. ಎರಡೂ ಉಳ್ಳ ಯಜಮಾನರೂ ಭೂಹಿಡುವಳಿದಾರರೂ ತಮ್ಮ ಹೊಲದ ಮುಂದಿನ ನಾಲ್ಕು ಮರಗಳನ್ನು ಕಾಯಲಾರೆವೆಂದರೆ ಒಪ್ಪತಕ್ಕ ಮಾತಲ್ಲ. ಬರುವ ಮುಂಗಾರಿಗೆ ಮುಂಚೆ, ತರಗಿಗೆ ಬೆಂಕಿಯಿಡುವ ಕಾಲಕ್ಕೆ ಮೊದಲೇ, ಗ್ರಾಮಸಭೆಯಲ್ಲಿ ಆ ವಹಿಯನ್ನು ತೆರೆಯಿಸುವುದು ಅವರ ಕೈಯಲ್ಲಿದೆ.